ಬೂದು ಗೆರೆಯ ಶಾಲೆ

ಲಿಂಬೆಹಣ್ಣಿನ ರೂಮ್ ಫ್ರೆಶ್ನರ್ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಹೇಸಿಗೆಯಾಗುತ್ತದೆ. ಹೋದ ತಿಂಗಳು ಅಕ್ಕನ ಮಗಳಿಗೆ ಏನೋ ಬಹುಮಾನ ಕೊಡುತ್ತಾರೆಂದು ಮಣಿಪಾಲಕ್ಕೆ ಹೋಗಿದ್ದೆ. ಹೋಟೆಲೊಂದರ ಮೇಲಿನ ಮಹಡಿಯಲ್ಲಿ ಕಾರ್ಯಕ್ರಮ. ಬಾಗಿಲು ತಳ್ಳಿದ ಕೂಡಲೇ ಎ.ಸಿ.ಯ ತಂಪಿನ ಜೊತೆಗೆ ಅದೇ ವಾಸನೆ ಬಂತು. "ಎಂತ ಆಯ್ತು? ಮುಖ ಯಾಕೆ ಹಾಗೆ ಮಾಡ್ತಿ?" ಎಂದು ಅಕ್ಕ ಕೇಳಿದಳು. ಏನಿಲ್ಲ ಎಂದೆ. ಕಾಪುವಿನ ಕಡಲ ಬದಿಯಲ್ಲಿ ವರ್ಷಗಟ್ಟಲೆ ಕಲಿಸಿದವಳು ನಾನು. ಒಣಮೀನು ಹರಡಿದ ಅಂಗಳದ ಪಕ್ಕದಲ್ಲಿ ಕೂತು ಬುತ್ತಿ ಉಂಡಿದ್ದೇನೆ, ಒಂದು ದಿನವೂ ಮೂಗು ಮುಚ್ಚಿಕೊಂಡಿಲ್ಲ. ಆದರೆ ಆ ಲಿಂಬೆ ವಾಸನೆ ಬಂದರೆ ಇಡೀ ಒಂದು ವರ್ಷ ಗಂಟಲಿಗೆ ಬಂದು ನಿಲ್ಲುತ್ತದೆ.

ಆಗ ನಾನು ಆದಿ ಉಡುಪಿಯ ಬಾಡಿಗೆ ಮನೆಯಿಂದ ಬಸ್ಸು ಹಿಡಿದು ದಿನಾ ಕಾಪುವಿಗೆ ಹೋಗಿ ಬರುತ್ತಿದ್ದೆ. ನಮ್ಮದು ಒಂದರಿಂದ ಐದರವರೆಗಿನ ಸರಕಾರಿ ಕಿರಿಯ ಪ್ರಾಥಮಿಕ ಶಾಲೆ. ಎರಡು ಕೋಣೆ, ಇಬ್ಬರು ಶಿಕ್ಷಕರು. ಮುಖ್ಯೋಪಾಧ್ಯಾಯರು ಭುಜಂಗ ಮಾಸ್ಟ್ರು, ನಿವೃತ್ತಿಯ ಹೊಸ್ತಿಲಲ್ಲಿದ್ದವರು, ಇನ್ನೊಬ್ಬಳು ನಾನು. ಆ ವರ್ಷದ ಜೂನ್‌ನಲ್ಲಿ ಮಳೆ ಹಿಡಿದದ್ದು ಬಿಡಲಿಲ್ಲ. ಕಲ್ಲಿನ ತಡೆಗೋಡೆಗೆ ಕಡಲು ಹೊಡೆಯುವ ಸದ್ದಿನಲ್ಲಿ ಮಕ್ಕಳು ಓದುವುದು ಕೇಳಿಸುತ್ತಿರಲಿಲ್ಲ. ಉಪ್ಪುಗಾಳಿಗೆ ಕಿಟಕಿಯ ಸರಳು ತುಕ್ಕು ಹಿಡಿದು, ಮುಟ್ಟಿದ ಮಕ್ಕಳ ಅಂಗೈಯೆಲ್ಲ ಕಂದು.

ಐದನೆಯ ತರಗತಿಯಲ್ಲಿ ಶ್ರಾವ್ಯ ಎಂಬ ಹುಡುಗಿ ಇದ್ದಳು. ತಂದೆ ಬೋಟಿನ ಕೆಲಸಗಾರ. ಮಳೆಗಾಲದಲ್ಲಿ ಬೋಟು ಇಳಿಯುವುದಿಲ್ಲವಾದ್ದರಿಂದ ಮನೆಯಲ್ಲೇ ಬಲೆ ಹೊಲಿಯುತ್ತ ಕೂತಿರುತ್ತಿದ್ದರು. ತಾಯಿ ಸುಮತಿ ತಲೆಯ ಮೇಲೆ ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಮಾರುವವರು. ಶ್ರಾವ್ಯ ಪುಸ್ತಕ ಹಿಡಿದು ನಿಂತರೆ ಪಾಠವನ್ನು ಗಿಣಿಯ ಹಾಗೆ ಒಪ್ಪಿಸುತ್ತಿದ್ದಳು. ಪುಟದ ನಡುವೆ ಒಂದು ಪದದ ಮೇಲೆ ಬೆರಳಿಟ್ಟು "ಇದು ಎಂತ?" ಎಂದು ಕೇಳಿದರೆ ಮಾತ್ರ ಬಾಯಿ ಕಟ್ಟಿಹೋಗುತ್ತಿತ್ತು. ಬೇರೆಯವರು ಓದುವುದನ್ನು ಕೇಳಿ ಕೇಳಿಯೇ ಅವಳು ಐದನೆಯ ತರಗತಿಗೆ ಬಂದುಬಿಟ್ಟಿದ್ದಳು. ಪದಗಳನ್ನು ಹತ್ತು ಹತ್ತು ಸಲ ಬರೆಸಿದೆ. ಅಕ್ಷರ ದುಂಡಗಾಯಿತು. ಓದು ಬರಲಿಲ್ಲ. ನನಗೆ ಬೇರೆ ದಾರಿ ಗೊತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಮಳೆಕೋಟು ಹಾಕಿಕೊಂಡು ಸ್ಕೂಟರಿನಲ್ಲಿ ಅನಘ ಬಂದಳು. ಸಂತೆಕಟ್ಟೆಯ ಹುಡುಗಿ, ಎಂ.ಎ. ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದ್ದಳು. ಮಣಿಪಾಲದಲ್ಲಿ ಬಾಡಿಗೆ ಕಚೇರಿ ಮಾಡಿಕೊಂಡಿದ್ದ ಒಂದು ಯೋಜನೆಯ ಕೆಲಸ ಅದು. ಮಕ್ಕಳ ಮನಸ್ಸು ಹೇಗೆ ಕಲಿಯುತ್ತದೆ ಎಂದು ಲೋಕದಲ್ಲಿ ಎಲ್ಲೆಲ್ಲೋ ನಡೆದ ಸಂಶೋಧನೆಯನ್ನು ನಮ್ಮಂಥ ಏನೂ ಇಲ್ಲದ ಶಾಲೆಗಳಿಗೆ ತರುವುದು ಅವರ ಉದ್ದೇಶವಂತೆ. ಅದನ್ನು ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ, ನನ್ನ ಪಾಲಿನ ಚಹಾವನ್ನು ಅವಳಿಗೇ ಕೊಟ್ಟೆ.

ಅವಳು ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು, ಟ್ಯಾಬಿನಲ್ಲಿ ಪದಗಳನ್ನು ತೋರಿಸಿ ಓದಿಸಿದಳು. ಮುಗಿದ ಮೇಲೆ ಪ್ರತಿಯೊಬ್ಬರಿಗೂ ಒಂದು ಬಿಸ್ಕೆಟ್ ಪ್ಯಾಕೆಟ್.

"ಇನ್ನು ನಾವು ಎಂತ ಮಾಡಬೇಕು?" ಎಂದು ಕೇಳಿದೆ.

"ಎಂತದೂ ಇಲ್ಲ ಟೀಚರ್. ನೀವು ಯಾವಾಗಲೂ ಮಾಡುವ ಹಾಗೆಯೇ ಮಾಡಿ" ಎಂದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಶ್ರಾವ್ಯ ಬಿಸ್ಕೆಟ್ ಹಿಡಿದುಕೊಂಡು ಬಂದು, "ಅಕ್ಕ ಕೇಳಿದ್ದು ಯಾವುದೂ ನನಗೆ ಬರಲಿಲ್ಲ ಟೀಚರ್. ಆದರೂ ಕೊಟ್ಟರು" ಎಂದಳು.

ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ ಪರೀಕ್ಷೆ, ಮತ್ತೊಮ್ಮೆ ಬಿಸ್ಕೆಟ್. ನವರಾತ್ರಿ ರಜೆಗೆ ಮೊದಲು ಶಿಕ್ಷಕರನ್ನೆಲ್ಲ ಮಣಿಪಾಲದ ಹೋಟೆಲಿಗೆ ಕರೆದರು. ಲಿಂಬೆ ವಾಸನೆಯ ಹಾಲ್ ಅದೇ. ಯೋಜನೆಯ ನಿರ್ದೇಶಕರು ಮೆಲುದನಿಯ ಮನುಷ್ಯ. ಇಸ್ತ್ರಿ ಮುರಿಯದ ಖಾದಿ ಜುಬ್ಬಾ. ಪರದೆಯ ಮೇಲೆ ಎರಡು ಗೆರೆ ತೋರಿಸಿದರು. ಹಸಿರು ಗೆರೆ ಮೇಲಕ್ಕೆ ಏರಿತ್ತು. ಅದು ಕಾರ್ಕಳದ ಕಡೆಯ ಶಾಲೆಗಳದ್ದು. ಅವರಿಗೆ ತರಬೇತಿ, ಕಲಿಕಾ ಕಾರ್ಡುಗಳು, ಎಲ್ಲವೂ ಸಿಕ್ಕಿತ್ತು. ಕೆಳಗೆ ಮಲಗಿದ್ದ ಬೂದು ಗೆರೆ ಕಾಪುವಿನ ಕಡೆಯ ನಮ್ಮದು. ನಮಗೆ ಏನನ್ನೂ ಕೊಡದೆ ಬಿಟ್ಟದ್ದು ಮರೆತು ಅಲ್ಲ, ಬೇಕೆಂದೇ. ಹಸಿರು ಎಷ್ಟು ಏರಿತೆಂದು ಅಳೆಯಲು ಏರದೆ ಉಳಿದವರು ಕೆಲವರು ಬೇಕಲ್ಲ, ನಾವು ಅವರು.

"ಅದೃಷ್ಟವಶಾತ್ ಈ ಶಾಲೆಗಳಲ್ಲಿ ಏನೂ ಬದಲಾಗಿಲ್ಲ" ಎಂದು ಬೂದು ಗೆರೆಯ ಮೇಲೆ ಕೆಂಪು ದೀಪದ ಚುಕ್ಕೆ ಆಡಿಸಿದರು. ಎದುರಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

ಅದೃಷ್ಟವಶಾತ್! ಶ್ರಾವ್ಯ ಓದಲು ಕಲಿಯದೆ ಇದ್ದದ್ದು ಯಾರದೋ ಅದೃಷ್ಟ. ಊಟದ ಹೊತ್ತಿಗೆ ತಟ್ಟೆ ಹಿಡಿದು ನೇರ ಅವರ ಹತ್ತಿರ ಹೋದೆ.

"ಸಾರ್, ಆ ಕಾರ್ಡು ನಮಗೂ ಕೊಡಬಹುದಲ್ವಾ?"

"ಖಂಡಿತ ಕೊಡ್ತೇವೆ ಟೀಚರ್. ಮುಂದಿನ ವರ್ಷ, ಅಧ್ಯಯನ ಮುಗಿದ ಮೇಲೆ."

"ನಮ್ಮಲ್ಲಿ ಶ್ರಾವ್ಯ ಅಂತ ಒಂದು ಹುಡುಗಿ ಉಂಟು. ಬೇಸಿಗೆ ರಜೆಗೆ ನಮ್ಮ ಶಾಲೆ ಬಿಡ್ತಾಳೆ. ನೀವು ಕಾರ್ಡು ತರುವಾಗ ಅವಳು ಇರುವುದಿಲ್ಲ."

ಅವರು ಬೇಸರಪಡಲಿಲ್ಲ, ನಕ್ಕರು. "ನೋಡಿ, ಇಷ್ಟು ವರ್ಷ ಯಾರ್ಯಾರೋ ಏನೇನೋ ತಂದು ನಿಮ್ಮ ತಲೆಯ ಮೇಲೆ ಸುರಿದಿದ್ದಾರೆ. ಯಾವುದರಿಂದ ಉಪಯೋಗ ಆಯ್ತು, ಯಾವುದರಿಂದ ಇಲ್ಲ ಅಂತ ಯಾರಾದರೂ ನೋಡಿದ್ದಾರಾ? ಹೋಲಿಸದೆ ಗೊತ್ತಾಗುವುದಾದರೂ ಹೇಗೆ? ಒಂದು ಮಗುವಿನ ಮುಖ ನೋಡಿಕೊಂಡು ಸಂಶೋಧನೆ ಮಾಡ್ಲಿಕ್ಕೆ ಆಗುವುದಿಲ್ಲ." ಹಾಗೆಂದು ಚಮಚದಲ್ಲಿ ಜಾಮೂನನ್ನು ಎರಡು ತುಂಡು ಮಾಡಿ ಒಂದನ್ನು ಬಾಯಿಗೆ ಹಾಕಿಕೊಂಡರು.

ಮಾತು ಸುಳ್ಳಾಗಿರಲಿಲ್ಲ. ಒಂದರ ಮೇಲೊಂದು ತರಬೇತಿಗೆ ಹೋಗಿ, ಚೀಲ ಪೆನ್ನು ಹಿಡಿದುಕೊಂಡು ವಾಪಸು ಬಂದು ಸುಸ್ತಾದವರೇ ನಾವೆಲ್ಲ. ಅವರು ಹೇಳಿದ್ದು ನ್ಯಾಯವೇ. ಆ ನ್ಯಾಯವನ್ನು ಜಾಮೂನಿನ ಜೊತೆ ಅಷ್ಟು ಹಗುರವಾಗಿ ನುಂಗಿದ್ದನ್ನು ಕಂಡು ನನಗೆ ಅಸಹ್ಯವಾಯಿತು. ತಟ್ಟೆಯನ್ನು ಹಾಗೆಯೇ ಇಟ್ಟು ಬಸ್‌ಸ್ಟ್ಯಾಂಡಿಗೆ ನಡೆದೆ.

ರಜೆಯಲ್ಲಿ ಕಾರ್ಕಳಕ್ಕೆ ಹೋದೆ. ಅಲ್ಲಿ ವಿನೋದಾ ಇದ್ದಳು, ಟಿ.ಸಿ.ಎಚ್. ಓದುವಾಗ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವಳು. ಅವಳ ಶಾಲೆ ಹಸಿರು ಗೆರೆಯದ್ದು. ಮಧ್ಯಾಹ್ನದ ಮೇಲೆ ಗುಡುಗು ಮಳೆ ಹಿಡಿಯಿತು, ಕರೆಂಟು ಹೋಯಿತು. ಜಗಲಿಯಲ್ಲಿ ಕೂತು, ತರಬೇತಿಯಲ್ಲಿ ಅವಳಿಗೆ ಕೊಟ್ಟಿದ್ದ ಒಂದು ಸೆಟ್ ಕಾರ್ಡುಗಳನ್ನು ಹರಡಿಕೊಂಡೆವು. ದಿನಕ್ಕೆ ಒಂದು ಗಂಟೆ ತರಗತಿಯನ್ನು ಮರೆತುಬಿಡಬೇಕು. ಯಾವ ಮಗು ಎಲ್ಲಿದೆಯೋ ಅಲ್ಲಿಂದಲೇ ಹಿಡಿಯಬೇಕು. ಮನೆಯ ಭಾಷೆಯ ಪದದಿಂದ ಶುರು ಮಾಡಬೇಕು. ಪುಸ್ತಕ ನೋಡಿ ಹತ್ತು ಸಲ ಬರೆಯುವುದಕ್ಕಿಂತ ಪುಸ್ತಕ ಮುಚ್ಚಿ ಒಮ್ಮೆ ನೆನಪು ಮಾಡಿಕೊಳ್ಳುವುದು ಹೆಚ್ಚು ಗಟ್ಟಿ. ನಿನ್ನೆಯದನ್ನು ಇವತ್ತು ಕೇಳಬೇಕು, ಹೋದ ವಾರದ್ದನ್ನೂ ಕೇಳಬೇಕು, ಪೂರ್ತಿ ಮರೆತುಹೋಗುವ ಮೊದಲೇ ಇನ್ನೊಮ್ಮೆ ಕೇಳಬೇಕು. ತಪ್ಪು ಹೇಳಿದರೆ ಗದರಬಾರದು, ಆ ತಪ್ಪು ಎಲ್ಲಿಂದ ಬಂತೆಂದು ವಿಚಾರಿಸಬೇಕು. ಕೇಳುತ್ತ ಕೇಳುತ್ತ ನನಗೆ ಸಿಟ್ಟು ಬಂತು. ಇಷ್ಟು ಸಾಧಾರಣ ಸಂಗತಿಯನ್ನು ನನ್ನಿಂದ ಮುಚ್ಚಿಡಲು ಅಷ್ಟು ದೊಡ್ಡ ಹೋಟೆಲೇ ಬೇಕಾಯಿತೆ?

"ಹಾಗಾದರೆ ನಿಮ್ಮಲ್ಲಿ ಮಕ್ಕಳೆಲ್ಲ ಓದ್ತಾರಾ?" ಎಂದು ಕೇಳಿದೆ.

ವಿನೋದಾ ನಗಲಿಲ್ಲ. "ಎಂತದ್ದು ಓದುವುದು ಮಾರಾಯ್ತಿ? ಕಾರ್ಡೆಲ್ಲ ಕಪಾಟಿನಲ್ಲಿ ಉಂಟು. ಹಾಳಾದರೆ ಯಾರು ಜವಾಬ್ದಾರಿ ಅಂತ ಹೆಡ್ಮಾಸ್ಟ್ರು ಬೀಗ ಹಾಕಿದ್ದಾರೆ. ಅನಘ ಬರುವ ದಿನ ಮಾತ್ರ ತೆಗೆಯುವುದು. ಯಾರು ಯಾವಾಗ ಕೈ ಎತ್ತಬೇಕು ಅಂತ ಮಕ್ಕಳಿಗೆ ಹೇಳಿಕೊಟ್ಟಿದೆ."

"ಮತ್ತೆ ಆ ಗೆರೆ ಏರಿದ್ದು?"

"ಪರೀಕ್ಷೆಗೆ ಬಂದ ಪದ ಎಲ್ಲ ಕಾರ್ಡಿನದ್ದೇ ಅಲ್ವಾ? ಬಾಯಿಪಾಠ ಮಾಡಿಸಿದ್ದು."

ಒಂದು ಕಡೆ ಬೇಕೆಂದವರಿಗೆ ಕೊಡುವುದಿಲ್ಲ, ಇನ್ನೊಂದು ಕಡೆ ಕೊಟ್ಟದ್ದಕ್ಕೆ ಬೀಗ. ಆ ದಿನ ನನಗೆ ನಿರ್ದೇಶಕರ ಮೇಲೆ ಮಾತ್ರವಲ್ಲ, ನಮ್ಮ ಮೇಷ್ಟ್ರುಗಳ ಜಾತಿಯ ಮೇಲೆಯೇ ವಾಕರಿಕೆ ಬಂತು. ವಿನೋದಾ ತನ್ನ ಸೆಟ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿದಳು. "ನೀನಾದರೂ ಇವನ್ನು ಬಳಸಿ ಕೊಳೆ ಮಾಡು" ಎಂದಳು.

ಶಾಲೆ ಶುರುವಾದ ಮೇಲೆ ಭುಜಂಗ ಮಾಸ್ಟ್ರಿಗೆ ಹೇಳಿದೆ. ಅವರು ಕನ್ನಡಕ ತೆಗೆದರು. "ಎಂತಕ್ಕೆ ಟೀಚರೇ ಇಲ್ಲದ ಉಸಾಬರಿ? ಏನೂ ಮಾಡಬೇಡಿ ಅಂತ ಹೇಳುವವರು ನಮಗೆ ಇಷ್ಟು ವರ್ಷದಲ್ಲಿ ಸಿಕ್ಕಿದ್ದೇ ಇದು ಮೊದಲು." ಆದರೂ ತಡೆಯಲಿಲ್ಲ. ಊಟದ ನಂತರದ ಗಂಟೆಗೆ ಎರಡು ಕೋಣೆಯ ಮಕ್ಕಳನ್ನೂ ಕಲಸಿ ಹೊಸದಾಗಿ ಗುಂಪು ಮಾಡಿದೆ.

ಎರಡನೆಯ ತರಗತಿಯವರ ಜೊತೆ ಕೂರಬೇಕೆಂದಾಗ ಶ್ರಾವ್ಯ ಎದ್ದು ಹೊರಗೆ ಹೋಗಿ ನಲ್ಲಿಯ ಹತ್ತಿರ ಕೂತಳು. ಮೂರು ದಿನ ಅಲ್ಲೇ. ನಾನು ಕರೆಯಲಿಲ್ಲ. ನಾಲ್ಕನೆಯ ದಿನ ಚಿಕ್ಕವನೊಬ್ಬ ಕಾರ್ಡಿನ ಚಿತ್ರ ನೋಡಿ ಬೆಕ್ಕಿಗೆ 'ಪುಚ್ಚೆ' ಎಂದು ತುಳುವಿನಲ್ಲಿ ಹೇಳಿ, ಅಕ್ಷರ ಬೇರೆ ಇದೆಯಲ್ಲ ಎಂದು ಗಲಿಬಿಲಿಗೊಂಡಾಗ, ಅವಳು ಬಾಗಿಲಿನಿಂದಲೇ "ಅದು ಕನ್ನಡದಲ್ಲಿ ಬೆಕ್ಕು ಮಾರಾಯ" ಎಂದು ಗದರಿದಳು. ಹಾಗೆ ಒಳಗೆ ಬಂದಳು.

ಒಂದು ಕಾರ್ಡಿನಲ್ಲಿ 'ಬಾವಿಯಲ್ಲಿ ನೀರು ಇಲ್ಲ' ಎಂದಿತ್ತು. ಒಂದೊಂದೇ ಅಕ್ಷರ ಕೂಡಿಸಿ ಹೇಗೋ ದಡ ಸೇರಿದಳು. "ಹಾಗಂದರೆ ಎಂತ?" ಎಂದೆ. ಸ್ವಲ್ಪ ಆಲೋಚಿಸಿ, "ಬಾವಿಯ ಒಳಗೆ ನೀರಿನ ಮನೆ" ಎಂದಳು. ತುಳುವಿನಲ್ಲಿ 'ಇಲ್ಲ್' ಎಂದರೆ ಮನೆ. ಅವಳ ಮಟ್ಟಿಗೆ ಅದು ಸರಿಯಾದ ಉತ್ತರವೇ. ಮಾತಿನಲ್ಲಿ ದಿನಾ ಆಡುವ ಕನ್ನಡದ 'ಇಲ್ಲ' ಮತ್ತು ಅಕ್ಷರದಲ್ಲಿ ಕಂಡ ಈ 'ಇಲ್ಲ' ಒಂದೇ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಪಾಠಪುಸ್ತಕದಲ್ಲಿ 'ಇಲ್ಲ' ಎಂದು ಬಂದಲ್ಲೆಲ್ಲ ಅವಳಿಗೆ ಒಂದೊಂದು ಮನೆ ಕಂಡಿರಬೇಕು. ಕಥೆಗೆ ತಲೆಬುಡ ಸಿಕ್ಕಿರಲಿಕ್ಕಿಲ್ಲ. ಕಂಠಪಾಠ ಮಾಡದೆ ಇನ್ನೇನು ಮಾಡಿಯಾಳು? ಅಂದಿನಿಂದ ಪ್ರತಿ ಸಾಲಿಗೂ ಅರ್ಥ ಕೇಳತೊಡಗಿದೆ.

ಪವಾಡವೇನೂ ಆಗಲಿಲ್ಲ. ಶನಿವಾರ ಬಂದದ್ದು ಸೋಮವಾರಕ್ಕೆ ಹೋಗಿರುತ್ತಿತ್ತು. ಮತ್ತೆ ಕೇಳಿದರೆ ಅರ್ಧ ತಿರುಗಿ ಬರುತ್ತಿತ್ತು. ಒತ್ತಕ್ಷರ ಬಂದಲ್ಲಿ ಮುಗ್ಗರಿಸುತ್ತಿದ್ದಳು. ಡಿಸೆಂಬರಿನ ಬೆಳಗಿನ ಚಳಿ ಹೋಗಿ ಸೆಕೆ ಶುರುವಾಗುವ ಹೊತ್ತಿಗೆ, ಒಂದು ಮಧ್ಯಾಹ್ನ ನಾನು ಅಭ್ಯಾಸಬಲದಿಂದ ಪದದ ಮೇಲೆ ಬೆರಳಿಟ್ಟೆ. ಶ್ರಾವ್ಯ ನನ್ನ ಬೆರಳನ್ನು ಆಚೆ ತಳ್ಳಿ, ಮುಂದಿನ ಸಾಲಿಗೆ ಹೋದಳು. ಕಥೆ ಏನಾಯಿತೆಂದು ತಿಳಿಯುವ ಆತುರ ಅವಳಿಗೆ. ಕಾರ್ಡುಗಳ ಅಂಚು ಅಷ್ಟರಲ್ಲಿ ಸುಲಿದಿತ್ತು, ಮೇಲೆಲ್ಲ ಸಾರಿನ ಕಲೆ.

ಫೆಬ್ರವರಿಯಲ್ಲಿ ಅನಘ ಕೊನೆಯ ಪರೀಕ್ಷೆಗೆ ಬಂದಳು. ಈ ಸಲ ಪದಗಳಲ್ಲ, ಯಾರೂ ನೋಡಿರದ ಹೊಸ ಕಥೆ. ಶ್ರಾವ್ಯ ನಿಧಾನವಾಗಿ ಓದಿದಳು. ಓದಿ ಮುಗಿಸಿ, ಕೇಳದೆಯೇ, "ಇದರಲ್ಲಿ ಅಜ್ಜಿ ಸುಳ್ಳು ಹೇಳಿದ್ದು, ಅಲ್ವಾ ಅಕ್ಕ?" ಎಂದಳು. ಅನಘ ಟ್ಯಾಬಿನಿಂದ ತಲೆ ಎತ್ತಿ ನನ್ನನ್ನು ನೋಡಿದಳು.

"ಎಂತ ಮಾಡಿದ್ದೀರಿ ಟೀಚರ್?"

ಇದ್ದದ್ದನ್ನು ಹೇಳಿದೆ. ಅವಳ ಕಣ್ಣು ತುಂಬಿತು. "ನನಗೆ ಖುಷಿಯೇ ಆಗ್ತಾ ಉಂಟು. ಆದರೆ ನಾನು ಹೇಳಲೇಬೇಕಾಗ್ತದೆ."

"ಹೇಳು. ಅದು ನಿನ್ನ ಕೆಲಸ."

ಮರುದಿನ ಮಣಿಪಾಲದಿಂದ ಫೋನ್ ಬಂತು. ಮಾತನಾಡಿದವರು ಬಹಳ ಮರ್ಯಾದೆಯಿಂದ, "ಕಾರ್ಡು ನಿಮ್ಮಲ್ಲಿಗೂ ಬಂದು ನಿಮ್ಮ ಶಾಲೆ ಕಲುಷಿತವಾಗಿದೆ ಟೀಚರ್, ಅಧ್ಯಯನದಿಂದ ಕೈಬಿಡಬೇಕಾಗಬಹುದು" ಎಂದರು. ಬಾವಿಗೆ, ಹೊಳೆಗೆ ಹೇಳುವ ಮಾತು. ನಾನು ಫೋನಿಟ್ಟು, ಹಲಗೆಯ ಮೇಲೆ ಬರೆಯುತ್ತಿದ್ದ ಕಲುಷಿತ ಮಕ್ಕಳನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತೆ.

ಅಷ್ಟಕ್ಕೇ ಮುಗಿದಿದ್ದರೆ ಕಾಲ ಕಳೆದ ಹಾಗೆ ಅವರನ್ನು ಕ್ಷಮಿಸುತ್ತಿದ್ದೆನೋ ಏನೋ. ಮಾರ್ಚಿನಲ್ಲಿ ನಿರ್ದೇಶಕರು ತಾವೇ ಬಂದರು. ಕಾರಿನಿಂದ ಸಿಹಿಯ ಪೆಟ್ಟಿಗೆ ಇಳಿಯಿತು, ಕ್ಯಾಮೆರಾ ಹಿಡಿದ ಒಬ್ಬ ಇಳಿದ. ಬೆವರು ಒರೆಸಿಕೊಳ್ಳುತ್ತ ಕೂತು ವಿಷಯಕ್ಕೆ ಬಂದರು. ಹೊಸ ಕಥೆಯ ಎದುರು ಕಾರ್ಕಳದ ಹಸಿರು ಗೆರೆ ಕುಸಿದು ಬಿದ್ದಿತ್ತು. ಬಾಯಿಪಾಠ ಅಲ್ಲಿ ನಡೆಯಲಿಲ್ಲ. ಏರಿದ್ದು ನಮ್ಮ ಶಾಲೆ ಮಾತ್ರ.

"ನಿಮ್ಮನ್ನು ಹಸಿರಿಗೆ ಸೇರಿಸಿಕೊಳ್ಳುವ ಅಂತ ಆಲೋಚನೆ ಟೀಚರ್. ಹೇಗೂ ನಮ್ಮ ಕ್ರಮವನ್ನೇ ಅನುಸರಿಸಿದ್ದೀರಿ. ಜೂನ್‌ನಿಂದಲೇ ಶುರು ಮಾಡಿದ್ದು ಅಂತ ಹೇಳಿದರೆ ಆಯ್ತು. ಶಾಲೆಗೆ ಒಂದು ಸ್ಮಾರ್ಟ್ ಬೋರ್ಡ್ ಕೊಡ್ತೇವೆ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಅವರ ಮಾತನ್ನೇ ಅವರಿಗೆ ತಿರುಗಿಸಿದೆ. "ಹೋಲಿಸದೆ ಗೊತ್ತಾಗುವುದಾದರೂ ಹೇಗೆ ಅಂತ ಹೇಳಿದ್ದು ನೀವೇ ಅಲ್ವಾ ಸಾರ್? ಅದಕ್ಕೇ ಅಲ್ವಾ ಈ ಮಕ್ಕಳಿಗೆ ಕೊಡದೆ ಇಟ್ಟದ್ದು?"

"ಎಲ್ಲವನ್ನೂ ಅಷ್ಟು ಕಟ್ಟುನಿಟ್ಟಾಗಿ ನೋಡಬಾರದು."

"ಕಾರ್ಕಳದಲ್ಲಿ ಕಪಾಟಿಗೆ ಬೀಗ ಹಾಕಿದ್ದನ್ನಾದರೂ ಒಮ್ಮೆ ಹೋಗಿ ನೋಡಿ. ಅಲ್ಲಿ ಯಾಕೆ ಆಗಲಿಲ್ಲ ಅಂತ ಬರೆಯಿರಿ. ಅದು ಎಷ್ಟೋ ಶಾಲೆಗಳಿಗೆ ಉಪಯೋಗಕ್ಕೆ ಬರ್ತದೆ. ಸುಳ್ಳು ಹೇಳಲಿಕ್ಕೆ ನಾನು ತಯಾರಿಲ್ಲ."

ಅವರು ನನ್ನನ್ನು ಬಿಟ್ಟು ಭುಜಂಗ ಮಾಸ್ಟ್ರ ಕಡೆ ತಿರುಗಿದರು. ಮಾಸ್ಟ್ರು ಹೆಂಚು ನೋಡುತ್ತಿದ್ದರು. ಆ ಕೋಣೆಯಲ್ಲಿ ಕೂರಲಾಗದೆ ನಾನು ಎದ್ದು ಚಿಕ್ಕವರ ತರಗತಿಗೆ ಹೋದೆ. ಕಾರು ಹೋದ ಸದ್ದು ಕೇಳಿ ಹೊರಗೆ ಬಂದಾಗ ಬಾದಾಮಿ ಮರದ ಕೆಳಗೆ ಶ್ರಾವ್ಯ ಒಂದು ಹೊಳೆಯುವ ಹೊಸ ಕಾರ್ಡು ಹಿಡಿದು ನಿಂತಿದ್ದಳು. "ಮಾಸ್ಟ್ರು ಓದಲು ಹೇಳಿದರು ಟೀಚರ್. ವಿಡಿಯೋ ತೆಗೆದರು" ಎಂದಳು.

"ನಿವೃತ್ತಿಯ ಹೊತ್ತಿಗೆ ನನಗೆ ಗಲಾಟೆ ಬೇಡ ಟೀಚರೇ" ಎಂದರು ಭುಜಂಗ ಮಾಸ್ಟ್ರು. "ಬೋರ್ಡು ಬಂದರೆ ಮಕ್ಕಳಿಗೇ ಅಲ್ವಾ?" ಆ ಸಿಹಿಯ ಪೆಟ್ಟಿಗೆಯನ್ನು ಯಾರು ತಿಂದರೋ ಗೊತ್ತಿಲ್ಲ. ಬೋರ್ಡು ಮಾತ್ರ ಬಂತು, ಉಪ್ಪುಗಾಳಿಗೆ ಮುಂದಿನ ಮಳೆಗಾಲ ದಾಟಲಿಲ್ಲ. ಬೂದು ಶಾಲೆಗಳಿಗೆ ಕೊಡುತ್ತೇವೆಂದ ಕಾರ್ಡು ಯಾವ ವರ್ಷವೂ ಬರಲಿಲ್ಲ. ಯೋಜನೆ ಮುಗಿದು ಕಚೇರಿ ಖಾಲಿಯಾಗಿತ್ತು. ಅದಕ್ಕೂ ಮೊದಲೇ ಅನಘ ಒಂದು ಸಂಜೆ ಫೋನ್ ಮಾಡಿದ್ದಳು. "ನಿಮ್ಮ ಶಾಲೆಯನ್ನು ಹಸಿರಿಗೆ ಸೇರಿಸಲಿಕ್ಕೆ ಜೂನ್‌ನಲ್ಲಿ ನಾನು ಹಾಕಿದ ಅಂಕಿಗಳನ್ನು ತಿದ್ದಲು ಹೇಳಿದರು. ಆಗುವುದಿಲ್ಲ ಅಂತ ಬಿಟ್ಟು ಬಂದೆ ಟೀಚರ್" ಎಂದಳು. ಈಗ ಸಂತೆಕಟ್ಟೆಯಲ್ಲಿ ಮನೆಯ ಜಗಲಿಯಲ್ಲೇ ಮಕ್ಕಳಿಗೆ ಪಾಠ ಹೇಳುತ್ತಾಳೆ. ಆ ವರ್ಷದಲ್ಲಿ ನನಗೆ ಅಸಹ್ಯ ಹುಟ್ಟಿಸದವರು ಯಾರಾದರೂ ಇದ್ದರೆ ಅವಳು ಮತ್ತು ವಿನೋದಾ.

ಬೇಸಿಗೆ ರಜೆಯಲ್ಲಿ, ಐದನೆಯ ತರಗತಿ ಮುಗಿಸಿದ ಮಕ್ಕಳಿಗೆ ವರ್ಗಾವಣೆ ಪತ್ರ ಕೊಡುವ ದಿನ ಶಾಲೆಯಲ್ಲಿ ನಾನೊಬ್ಬಳೇ ಇದ್ದೆ. ಸುಮತಿ ಮಗಳನ್ನು ಕರೆದುಕೊಂಡು ಬಂದರು. ಬುಟ್ಟಿಯನ್ನು ಮೆಟ್ಟಿಲಿನ ಮೇಲೆ ಇಳಿಸಿ, ಸೀರೆಯ ಸೆರಗಿಗೆ ಕೈ ಒರೆಸಿಕೊಂಡು, ಮೊಬೈಲ್ ತೆಗೆದರು.

"ನೋಡಿ ಟೀಚರ್, ನಮ್ಮ ಬಾಲೆ ಮೊಬೈಲಿನಲ್ಲಿ ಬಂದಿದ್ದಾಳೆ. ನಾನು ಮೀನು ಕೊಡುವ ಮನೆಯವರು ಕಳಿಸಿದ್ದು. ಎಲ್ಲರೂ ನೋಡಿದ್ದಾರೆ."

ಹಿನ್ನೆಲೆಯಲ್ಲಿ ಕೊಳಲು, ಕಡಲಿನ ಅಲೆ. ಬಾದಾಮಿ ಮರದ ಕೆಳಗೆ ಶ್ರಾವ್ಯ ಓದುತ್ತಿದ್ದಳು. ಸುಮತಿಯ ಮುಖ ಬೆಳಗಿತ್ತು. ಓದು ಬರಹ ಕಲಿಯದ ಆ ಹೆಂಗಸಿನ ಸಂತೋಷದ ಎದುರು ನಾನು ಎಂತ ಹೇಳಲಿ? "ಚೆಂದ ಉಂಟು" ಎಂದೆ.

ಶ್ರಾವ್ಯ ತಾಯಿಯ ಕೈಗೆ ಬಗ್ಗಿ, ಚಿತ್ರದ ಕೆಳಗೆ ಹರಿಯುತ್ತಿದ್ದ ಅಕ್ಷರಗಳನ್ನು ಓದತೊಡಗಿದಳು. ಯಾರೂ ಓದೆಂದು ಹೇಳಿರಲಿಲ್ಲ. "ನಮ್ಮ... ಯೋಜನೆಯ... ಕಾರ್ಡುಗಳಿಂದ... ಓದಲು ಕಲಿತ... ಕಡಲ ಕಂದ." ಹುಬ್ಬು ಗಂಟಿಕ್ಕಿದಳು.

"ಅವರು ನನಗೆ ಯಾವಾಗ ಕಾರ್ಡು ಕೊಟ್ಟದ್ದು ಟೀಚರ್? ಆ ದಿನ ಫೋಟೋಕ್ಕೆ ಮಾತ್ರ ಅಲ್ವಾ?"

"ಹೌದು. ನೀನು ಕಲಿತ ಕಾರ್ಡು ಸಹ ಅವರದ್ದೇ. ಆದರೆ ಅವರು ನಿನಗೆ ಕೊಟ್ಟದ್ದಲ್ಲ."

"ಮತ್ತೆ ಯಾರಿಗೆ ಅಂತ ಮಾಡಿದ್ದು?"

ಸುಮತಿ ಒಮ್ಮೆ ಮಗಳನ್ನು, ಒಮ್ಮೆ ನನ್ನನ್ನು ನೋಡಿದರು. ಮುಖದ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ. ಮೊಬೈಲನ್ನು ಮಗಳ ಕೈಗೆ ಕೊಟ್ಟು, ಮೆಟ್ಟಿಲಿನ ಮೇಲೆ ಬುಟ್ಟಿಯ ಪಕ್ಕ ಕೂತು, ತುಳುವಿನಲ್ಲಿ, "ಇನ್ನೊಮ್ಮೆ ಓದು. ಎಂತ ಬರೆದಿದ್ದಾರೆ ಅಂತ ನನಗೆ ಸರಿಯಾಗಿ ಹೇಳು" ಎಂದರು.

ಶ್ರಾವ್ಯ ಇನ್ನೊಮ್ಮೆ ಓದಿದಳು. ಈ ಸಲ ಎಲ್ಲಿಯೂ ನಿಲ್ಲಲಿಲ್ಲ.